ಥೇಮ್ಸ್ ದಂಡಿ ಮ್ಯಾಲ ನಮ್ಮವರು

ಬರ್ರಿ ವೈನಿ, ಲಂಡನ್ ಹ್ಯಾಂಗದ ಅಂತ ಕೇಳಿದ್ರಲ್ಲಾ. ಮಂದಿ ಅಂದ್ರ ಮಂದಿ! ನಮ್ಮ ದಾಳಿಂಬದ ಮುಂದ ಸೊಲ್ಲಾಪುರ-ಹೈದ್ರಾಬಾದ್ ರಸ್ತಾ ಹಗಲು-ರಾತ್ರಿ ಮಲಗೂದಿಲ್ಲ, ಖರೇ. ಆದ್ರ ಅಲ್ಲಿ ನೆಲದ ಮ್ಯಾಲ ಒಂದು ಗದ್ದಲ, ನೆಲದ ಕೆಳಗ ಇನ್ನೊಂದು. ನೆಲದಾಗಿನ ರೈಲು ಅಲ್ಲಿ 1863ರಾಗೇ ಶುರು ಆಗ್ಯದ. ಆವಾಗ ಅದಕ್ಕ ಉಗಿ ಇಂಜಿನ್ನು. ಸುರಂಗದಾಗ ಆ ಹೊಗಿ ಹ್ಯಾಂಗ ತಡಕೊಂಡ್ರೋ ಏನೋ.

ಕೆಳಗ ಇಳಿಯೂ ಎಸ್ಕಲೇಟರ್ ಮ್ಯಾಲ ಒಂದು ರೀತಿ ಅದ. ನಿಂದ್ರವ್ರು ಬಲಕ್ಕ, ಗಡಿಬಿಡಿ ಇದ್ದವ್ರಿಗೆ ಎಡಕ್ಕ ದಾರಿ. ಸಂಜಿಮುಂದ ಆಫೀಸು ಬಿಟ್ಟಾಗ ಸುದ್ದಾ ಯಾರೂ ಒದರೂದಿಲ್ಲ, ನೂಕೂದಿಲ್ಲ. ಇದು ನನಗ ಭಾಳ ಮನಸಿಗೆ ಬಂತು. ಖಿಡಕಿಯಿಂದ ದಸ್ತಿ ಒಗದು ಸೀಟು ಹಿಡಿಯೂದು ಬಿಟ್ಟು, ಮುದುಕ್ಯಾರಿಗೆ ಮೊದಲ ಹತ್ತಲಿಕ್ಕೆ ಬಿಟ್ರ ನಮ್ಮ ಉಮರ್ಗಾ ಸ್ಟ್ಯಾಂಡೂ ಹಂಗ ಆಗಬಹುದು.

ರಾತ್ರಿ ಮಾತ್ರ ತ್ರಾಸ. ಮಗಳ ಮನಿ ಕೆಳಗೇ ಆ ರೈಲು ಹಾಯ್ತದ. ನೆಲ ಝುಂ ಅಂತು, ಕಪಾಟಿನಾಗಿನ ಗ್ಲಾಸು ಕಿಣಿಕಿಣಿ ಅಂದ್ವು. ನಾ ಎದ್ದು ಬಾಗಲಕ್ಕ ಓಡಿದೆ. 'ಅವ್ವಾ, ರೈಲು' ಅಂತ ಮಗಳು ಕೈ ಹಿಡದ್ಲು. ಆಕಿ ನಮ್ಮ ಕಡೆ ಭೂಕಂಪ ಆದಮ್ಯಾಲ ಹುಟ್ಟಿದಾಕಿ. 1993ರ ಸಪ್ಟೆಂಬರ್ 30ರ ನಸುಕು ಆಕಿಗೇನು ಗೊತ್ತು! ಗಣಪತಿ ಕಳಿಸಿ ಮಲಗಿದ ಮಂದಿ ಮ್ಯಾಲ, ಕಿಲ್ಲಾರಿ ಕಡೆ, ಕಲ್ಲು-ಮಣ್ಣಿನ ದಪ್ಪ ಗ್ವಾಡಿ, ಮಾಳಿಗಿ ಮಣ್ಣು ಎಲ್ಲಾ ಬಿತ್ತಲ್ಲ. ನಮ್ಮ ಕಾಲಿಗೆ ಆ ನೆನಪು ಇನ್ನೂ ಅದ.

ಇನ್ನ ಆ ಥೇಮ್ಸ್ ಹೊಳಿ ಸುದ್ದಿ ಹೇಳ್ತೀನಿ ಕೇಳ್ರಿ. ಸಮುದ್ರದ ಉಬ್ಬರ ಊರ ನಡುವಿನ ತನಾ ಬರ್ತದ. ದಿನಕ್ಕ ಎರಡು ಸಲ ನೀರು ಹಿಂದಕ್ಕ ಹರೀತದ, ಸುಮಾರು 7 ಮೀಟರ್ ಏರಿ ಇಳೀತದ. ಮುಂಜಾನಿ ಕಂಡ ಉಸುಕು ಮಧ್ಯಾಹ್ನ ಮುಣಗಿರ್ತದ. 2016ರಾಗ ಮಿರಜದಿಂದ ಲಾತೂರಕ್ಕ ರೈಲಿನ್ಯಾಗ ನೀರು ತರಿಸಿದ ಸೀಮಿ ನಮ್ಮದು. ಅಷ್ಟು ನೀರು ನೋಡಿ ನನಗ ಅಲ್ಲಿಂದ ಏಳಲಿಕ್ಕೇ ಮನಸಾಗಲಿಲ್ಲ.

ಅದೇ ದಂಡಿಗೆ, ಲ್ಯಾಂಬೆತ್ ಸೇತುವೆ ಹತ್ರ, ಬಸವಣ್ಣನವರು! ಎದೆಮಟ್ಟದ ಮೂರ್ತಿ. 2015ರ ನವೆಂಬರ್ 14ಕ್ಕ ಪ್ರಧಾನಿ ಮೋದಿಯವರು ಅನಾವರಣ ಮಾಡ್ಯಾರ. ಅದಕ್ಕ ಓಡಾಡಿದವ್ರು ಲ್ಯಾಂಬೆತ್ ಮೇಯರ್ ಆಗಿದ್ದ, ನಮ್ಮ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲರು. ಹೊಳಿ ಆಚಿಗೆ ಅವರ ಪಾರ್ಲಿಮೆಂಟು. ಉಮರ್ಗಾ ದಾಟಿ ಸಸ್ತಾಪುರ ಬಂಗ್ಲಾಕ್ಕ ಹೊಳ್ಳಿದ್ರ ಸಿಗೂ ಕಲ್ಯಾಣದಾಗ, ಚಮ್ಮಾರಗೂ ಅಂಬಿಗಗೂ ಬಾಜೂಕ ಕೂಡಿಸಿಕೊಂಡು ಮಾತು ಕೇಳಿದವರು, ಅಲ್ಲಿ! ಓಡಲಿಕ್ಕೆ ಬಂದ ಒಬ್ಬ ಹುಡುಗಿ ನಿಂತು, ಇವರು ಯಾರು ಅಂತ ಕೇಳಿದ್ಲು. 'ನಮ್ಮೂರ ಬಾಜೂಕಿನವರು ಅಂತ ಹೇಳು' ಅಂತ ಮಗಳಿಗೆ ಅಂದೆ. ಹೇಳೂವಾಗ ನನ್ನ ದನಿ ಏರಿತ್ತು.

ನಿಮ್ಮ ಮಗ ಅಲ್ಲಿಗೆ ಓದಲಿಕ್ಕೆ ಹೊಂಟಾನಂತಲ್ಲ, ಅವಂಗ ಹೇಳ್ರಿ: ವಾಕ್ಸ್‌ಹಾಲ್ ಸ್ಟೇಷನ್ನಿಗೆ ಇಳದು, ಹೊಳಿ ದಂಡಿ ಹಿಡದು ನಡದ್ರ ಸಿಗ್ತಾರ.