ಲೋಡರ್ ಲಕ್ಷಣ ಮೀಮಾಂಸೆ: ಗುಮ್ಮಘಟ್ಟ ಶಾಖೆ

1025ರಲ್ಲಿ ‘ಲೋಕೋಪಕಾರ’ ಬರೆದ ಇಮ್ಮಡಿ ಚಾವುಂಡರಾಯ ಅಂತರ್ಜಲದಿಂದ ಅಡುಗೆಮನೆಯವರೆಗೆ ಯಾವುದನ್ನೂ ಬಿಡಲಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಗಳಿಗೆಂದೇ ‘ಗೋವೈದ್ಯ’ ರಚಿಸಿದ. ಆದರೆ ಹಳೆಯ ಟ್ರ್ಯಾಕ್ಟರಿನ ಮೂತಿಗೆ ಊರ ವೆಲ್ಡಿಂಗ್ ಶೆಡ್ಡಿನ ಲೋಡರ್ ಕಟ್ಟಿ ಮಾರಲು ನಿಲ್ಲಿಸಿದ್ದರೆ ಏನು ನೋಡಬೇಕು ಎಂಬ ವಿಷಯದಲ್ಲಿ ಇಬ್ಬರೂ ಮೌನಿಗಳು. 1959ರಲ್ಲಿ ಫರೀದಾಬಾದಿನಿಂದ ಐಷರ್ ಟ್ರ್ಯಾಕ್ಟರ್ ಹೊರಬಂದ ಮೇಲಾದರೂ ಪಂಡಿತರು ಈ ಕೊರತೆ ತುಂಬಬಹುದಿತ್ತು, ತುಂಬಲಿಲ್ಲ. ಹೀಗಾಗಿ ಶಾಸ್ತ್ರವು ರಾಯದುರ್ಗದ ಬಳಿಯ ಗುಮ್ಮಘಟ್ಟ ಸೀಮೆಯಲ್ಲಿ ಗುರುಮುಖದಿಂದ, ಅಂದರೆ ಟೀ ಅಂಗಡಿಯ ಬೆಂಚಿನಿಂದ, ಕಲಿತವರ ಬಾಯಲ್ಲೇ ಉಳಿದಿದೆ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಕೊಳ್ಳುವವನಂತೂ ಅಲ್ಲ, ಅವನು ದುಡ್ಡು ಕೊಡುವವನಷ್ಟೆ. ಅವನ ಜೊತೆ ಬರುವ ನಾಲ್ವರು ಅಧಿಕಾರಿಗಳು. ಒಬ್ಬ ಮೆಕ್ಯಾನಿಕ್, ಒಬ್ಬ ಹಿಂದೆ ಇಂಥದೇ ಗಾಡಿ ಕೊಂಡು ಕೈ ಸುಟ್ಟುಕೊಂಡವನು, ಒಬ್ಬ ಭಾವಮೈದ. ನಾಲ್ಕನೆಯವನು ಯಾರ ಕಡೆಯವನೆಂಬುದು ಕಮಿಷನ್ ಹಂಚುವಾಗ ತಿಳಿಯುತ್ತದೆ.

ಇನ್ನು ವಿಷಯ. ಶೇಂಗಾ ಸೀಮೆ ಇದು, ಮಳೆಯ ಕೃಪೆ ಅಷ್ಟಕ್ಕಷ್ಟೆ. ಹೊಲದಲ್ಲಿ ಟ್ರ್ಯಾಕ್ಟರಿಗೆ ವರ್ಷಪೂರ್ತಿ ಕೆಲಸವಿಲ್ಲ, ಕಂತು ಮಾತ್ರ ವರ್ಷಪೂರ್ತಿ ಇದೆ. ಆದ್ದರಿಂದ ಮುಂದೊಂದು ಬಕೆಟ್ ಬಂತು: ತಿಪ್ಪೆಗೊಬ್ಬರ ತುಂಬಲು, ಕೆರೆಗೋಡು ಎತ್ತಲು, ಇಟ್ಟಿಗೆ ಭಟ್ಟಿಗೆ ಮಣ್ಣು ಹಾಕಲು. ವೇದಾವತಿಯ ಮರಳಿನ ಬಗ್ಗೆ ಮಾರುವವರು ಏನೂ ಹೇಳುವುದಿಲ್ಲ. ಬಕೆಟ್ಟಿನ ಒಳಮೈ ಹೇಳುತ್ತದೆ. ಗೊಬ್ಬರ ತುಂಬಿದ ಬಕೆಟ್ ತುಕ್ಕು ಹಿಡಿದು ಹಕ್ಕಳೆ ಏಳುತ್ತದೆ, ಮರಳು ತುಂಬಿದ್ದು ತಿಕ್ಕಿದ ಪಾತ್ರೆಯಂತೆ ಹೊಳೆಯುತ್ತದೆ. “ಬರೀ ಗೊಬ್ಬರ ಹೊಡ್ದಿದ್ದು ಅಣ್ಣಾ” ಎಂದಾಗ ಬಕೆಟ್ಟಿನಲ್ಲಿ ಮುಖ ಕಾಣಿಸುತ್ತಿದ್ದರೆ ಮೀಸೆ ಸರಿಮಾಡಿಕೊಂಡು ಮುಂದಿನ ಪ್ರಮಾಣಕ್ಕೆ ಹೋಗತಕ್ಕದ್ದು.

ಅದು ಅನುಮಾನ ಪ್ರಮಾಣ. ನೈಯಾಯಿಕರು ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿ ಊಹಿಸಿ ಸುಮ್ಮನಾದರು, ಹೊಗೆಯ ಬಣ್ಣ ಯಾವುದೆಂದು ಕೇಳಲಿಲ್ಲ. ಗುಮ್ಮಘಟ್ಟ ಶಾಖೆ ಕೇಳುತ್ತದೆ. ಕರಿ ಹೊಗೆಗೆ ಗಾಳಿ ಸಾಲದ್ದು ಅಥವಾ ಪಂಪು–ನಾಜಲ್ಲಿನ ದೋಷ ಕಾರಣ. ನೀಲಿಯಾದರೆ ಆಯಿಲ್ ಉರಿಯುತ್ತಿದೆ, ರಿಂಗು–ಲೈನರು ಸವೆದಿವೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಹೋಗುತ್ತಿರಬಹುದು. ಇಲ್ಲಿ ದೊಡ್ಡ ಹೇತ್ವಾಭಾಸವೆಂದರೆ, ನೀವು ಹೋಗುವ ಮೊದಲೇ ಗಾಡಿ ಸ್ಟಾರ್ಟ್ ಆಗಿ, ಬೆಚ್ಚಗಾಗಿ, ಸಭ್ಯವಾಗಿ ಗುಡುಗುಡು ಎನ್ನುತ್ತಿರುತ್ತದೆ. ತಣ್ಣಗಿನ ಇಂಜಿನ್ ಎಬ್ಬಿಸುವಾಗ ಪಡುವ ಪಾಡು ಯಾರಿಗೂ ಕಾಣಬಾರದು ಎಂಬುದು ಅದರ ಉದ್ದೇಶ. ಪರಿಹಾರ: ಹೇಳದೆ ಹೋಗುವುದು, ಹೋದೊಡನೆ ನಮಸ್ಕಾರಕ್ಕೂ ಮೊದಲು ಬೋನೆಟ್ಟಿನ ಮೇಲೆ ಕೈಯಿಡುವುದು.

ವಯೋನಿರ್ಣಯದಲ್ಲಿ ಎತ್ತಿನ ವಿದ್ವಾಂಸರು ನಮಗಿಂತ ಪುಣ್ಯವಂತರು. ಬಾಯಿ ತೆರೆಸಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿ ಕೂಡಿದೆ ಎಂದು ಹೇಳಿದರೆ ಮುಗಿಯಿತು. ಎತ್ತಿನ ಹಲ್ಲನ್ನು ಹಿಂದಕ್ಕೆ ತಿರುಗಿಸುವ ಅಂಗಡಿ ಯಾವ ಪೇಟೆಯಲ್ಲೂ ಇಲ್ಲ. ಅವರ್ ಮೀಟರಿಗೆ ಇದೆ. ತಿರುಗಿಸದಿದ್ದರೂ ಕೇಬಲ್ಲಿನ ಹಳೆಯ ಮೀಟರು ಇಂಜಿನ್ನಿನ ನಿಗದಿತ ವೇಗಕ್ಕೆ ಮಾತ್ರ ಪೂರ್ತಿ ಗಂಟೆ ಲೆಕ್ಕ ಹಾಕುತ್ತದೆ. ಲಾರಿ ಬರಲೆಂದು ಮೆಲ್ಲಗೆ ಉರಿಯುತ್ತ ನಿಂತ ಹೊತ್ತು ಅದರ ಲೆಕ್ಕದಲ್ಲಿ ಅರೆಬರೆ. ಹಾಗಾಗಿ ನಮ್ಮ ಪಕ್ಷದಲ್ಲಿ ಹಲ್ಲು ಎಂದರೆ ಕ್ಲಚ್ ಪೆಡಲ್. ಲೋಡರ್ ಗಾಡಿ ದಿನವಿಡೀ ಹಿಂದೆ ಮುಂದೆ ಆಡುತ್ತದೆ, ಎಡಗಾಲು ಬಿಡುವು ಕಾಣುವುದಿಲ್ಲ. ಬ್ರೇಕ್ ಪೆಡಲಿನ ಗೆರೆ ಇನ್ನೂ ಇದ್ದು ಕ್ಲಚ್ಚಿನದು ನುಣ್ಣಗಾಗಿದ್ದರೆ ಕ್ಲಚ್ ಪ್ಲೇಟ್ ಖರ್ಚು ಬಂದೇ ಬರುತ್ತದೆ. ಪ್ಲೇಟ್ ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಎರಡು ತುಂಡು ಮಾಡಬೇಕು, ಆಗ ಒಳಗಿನ ಇನ್ನೂ ನಾಲ್ಕು ಖರ್ಚು ಹೊರಗೆ ಬಂದು ನಿಲ್ಲುತ್ತವೆ.

ಈಗ ಶಾಸ್ತ್ರದ ಗರ್ಭಗುಡಿ. ಬಂದವರೆಲ್ಲ ಇಂಜಿನ್ನಿಗೆ ಕಿವಿಯಿಟ್ಟು ನಿಲ್ಲುತ್ತಾರೆ, ಮುಂದಿನ ಆಕ್ಸೆಲ್ಲಿಗೆ ಯಾರೂ ಬಗ್ಗುವುದಿಲ್ಲ, ಪಂಚೆ ಮಣ್ಣಾಗುತ್ತದೆ. ‘ಲೀಲಾವತಿ’ಗೆ ಸೇರಬೇಕಿದ್ದ ಒಂದು ಲೆಕ್ಕ ನೋಡಿ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 2 ಮೀಟರ್. ಬಕೆಟ್ಟಿನ ಭಾರ ಮುಂದಿನ ಗಾಲಿಗಿಂತ 1 ಮೀಟರ್ ಮುಂದೆ. 500 ಕಿಲೋ ಮಣ್ಣು ಎತ್ತಿದರೆ ಮುಂದಿನ ಆಕ್ಸೆಲ್ ಮೇಲೆ ಬೀಳುವುದು 500 ಅಲ್ಲ, 750. ಆ ಹೆಚ್ಚಿನ 250 ಕಿಲೋ ಹಿಂದಿನ ಗಾಲಿಯಿಂದ ಕಿತ್ತುಕೊಂಡದ್ದು. ಟೂ ವೀಲ್ ಡ್ರೈವ್ ಗಾಡಿಯಲ್ಲಿ ಎಳೆತವೂ ಬ್ರೇಕೂ ಇರುವುದು ಹಿಂದೆಯೇ. ಹಿಂದಿನ ಟೈರಿಗೆ ನೀರು ತುಂಬಿಸದೆ, ತೂಕ ಕಟ್ಟದೆ ಓಡಿಸಿದವರ ಗಾಡಿಯಲ್ಲಿ 6.00-16 ಅಳತೆಯ ಎರಡು ಬಡ ಟೈರುಗಳು, ಹಬ್ ಬೇರಿಂಗು, ಕಿಂಗ್ ಪಿನ್ನು, ಸೆಂಟರ್ ಪಿನ್ನಿನ ಬುಶ್ಶು ಎಲ್ಲ ಸೇರಿ ಆ ಪಾಪ ಹೊತ್ತಿರುತ್ತವೆ.

ಪರೀಕ್ಷೆಗೆ ಲೋಡರೇ ಸಹಕರಿಸುತ್ತದೆ. ಅದರ ಜಾಕ್ ಕೆಳಕ್ಕೂ ಒತ್ತುವಂಥದ್ದಾದರೆ ಬಕೆಟ್ಟನ್ನು ನೆಲಕ್ಕೆ ಒತ್ತಿಸಿ; ಮುಂದಿನ ಗಾಲಿಗಳು ಮೇಲೇಳುತ್ತವೆ. ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಗಾಲಿ ಕುಣಿದರೆ ಬೇರಿಂಗ್ ಅಥವಾ ಕಿಂಗ್ ಪಿನ್. ಆಕ್ಸೆಲ್ಲೇ ಹಿಂದೆ ಮುಂದೆ ಜಗ್ಗಿದರೆ ಸೆಂಟರ್ ಪಿನ್. ಆಮೇಲೆ ಬಕೆಟ್ಟಿಗೆ ಮಣ್ಣು ತುಂಬಿ ಎತ್ತಿಸಿ, ಇಂಜಿನ್ ಬಂದ್ ಮಾಡಿಸಿ, ದೂರ ಕೂತು ಟೀ ಕುಡಿಯಿರಿ. ಬಕೆಟ್ಟಿನ ಕೆಳಗೆ ಭಾವಮೈದನನ್ನೂ ನಿಲ್ಲಿಸಬಾರದು. ಲೋಟ ಖಾಲಿಯಾಗುವಷ್ಟರಲ್ಲಿ ಬಕೆಟ್ ನೆಲ ಕಂಡರೆ ಜಾಕಿನ ಸೀಲೋ ಕಂಟ್ರೋಲ್ ವಾಲ್ವೋ ಹೋಗಿದೆ. ಇದು ಸಣ್ಣ ದೋಷ, ದುಡ್ಡಿನಿಂದ ತೀರುವಂಥದ್ದು.

ದೊಡ್ಡ ದೋಷ ಬೇರೆ. ಟ್ರ್ಯಾಕ್ಟರಿಗೆ ಲಾರಿಯಂತೆ ಚಾಸಿ ಇಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಬೆನ್ನೆಲುಬು. ಬಲ್ಲವರು ಕಟ್ಟಿದ ಲೋಡರಿನ ಫ್ರೇಮ್ ಹಿಂದಿನ ಆಕ್ಸೆಲ್‌ವರೆಗೆ ಹೋಗಿ ಭಾರ ಹಂಚುತ್ತದೆ. ಅವಸರದಲ್ಲಿ ಕಟ್ಟಿದ್ದು ಕ್ಲಚ್ ಹೌಸಿಂಗಿಗೇ ನೇತುಬಿದ್ದು ಪ್ರತಿ ಗುದ್ದನ್ನೂ ಅಲ್ಲಿಗೇ ತಲುಪಿಸುತ್ತದೆ. ಆ ಬೋಲ್ಟುಗಳ ಸುತ್ತ ಎಣ್ಣೆ ಪಸೆ, ಕೂದಲೆಳೆ ಬಿರುಕು, ಬೀಡಿನ ಮೇಲೆ ವೆಲ್ಡಿಂಗ್ ಇದೆಯೇ ನೋಡಿ. ಇಡೀ ಗಾಡಿಯಲ್ಲಿ ಆ ಗೇಣುದ್ದ ಮಾತ್ರ ಹೊಸ ಬಣ್ಣ ಕಂಡರೆ, ಎತ್ತಿನ ಮೈಮೇಲೆ ಕೆಟ್ಟ ಸುಳಿ ಕಂಡಷ್ಟೇ ಮರ್ಯಾದೆಯಿಂದ ಎದ್ದು ಬರತಕ್ಕದ್ದು.

ಶಬ್ದ ಪ್ರಮಾಣವೆಂದರೆ ಆರ್‌ಸಿ ಪುಸ್ತಕ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ಆಂಧ್ರಕ್ಕೆ ಹೋಯಿತು, ನೆಂಟಸ್ತಿಕೆ ಮೊಳಕಾಲ್ಮುರು–ಚಳ್ಳಕೆರೆ ಕಡೆಗೇ ಉಳಿಯಿತು. ಟ್ರ್ಯಾಕ್ಟರುಗಳೂ ನೆಂಟರಂತೆ ಗಡಿ ದಾಟುತ್ತವೆ, ಕಾಗದ ದಾಟುವುದಿಲ್ಲ. ಆ ಕಡೆಗೆ ಒಯ್ಯುವುದಾದರೆ ನಿರಾಕ್ಷೇಪಣೆಗೆ ಫಾರಂ 28, ಹೆಸರು ಬದಲಾವಣೆಗೆ 29 ಮತ್ತು 30, ಸಾಲ ತೀರಿದ್ದಕ್ಕೆ 35. ಲೋಡರ್ ಕಟ್ಟಿದ್ದು ಪುಸ್ತಕದಲ್ಲಿ ಉಂಟೇ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಹೆಸರೆತ್ತಿ ಕೇಳಿದರೆ ಟೀ ಎರಡನೇ ಸುತ್ತು ಬರುತ್ತದೆ.

ಪೂರ್ವಪಕ್ಷ: “ಗಾಡೀದೊಂದು ರೇಟು, ಲೋಡರ್‌ದು ಮೇಲೆ ಬೇರೆ.” ಸಿದ್ಧಾಂತ: ಮೇಲೆ ಅಲ್ಲ, ಕೆಳಗೆ. ಲೋಡರ್ ಈ ಟ್ರ್ಯಾಕ್ಟರಿಗೆ ಸೇರಿದ ಒಡವೆಯಲ್ಲ, ಅದು ಪಟ್ಟ ಪಾಡಿನ ಸಾಕ್ಷಿ. ಬೆಲೆಯಲ್ಲಿ ಕೂಡಿಸದೆ ಕಳೆಯಬೇಕು. ಇದಕ್ಕೆ ಮಾರುವವರ ಕೊನೆಯ ಆಕ್ಷೇಪ, “ಹಂಗಾದ್ರೆ ಬಿಚ್ಚೇ ಕೊಡ್ತೀನಿ, ಬರೀ ಗಾಡಿ ತಗೊಳ್ರಿ.” ಬಿಚ್ಚಬಹುದು. ಬೋಲ್ಟಿನ ತೂತು, ಸವೆದ ಬುಶ್ಶು, ನುಣುಪಾದ ಪೆಡಲು ಗಾಡಿಯಲ್ಲೇ ಇರುವುದರಿಂದ ಕಳೆದ ರೇಟು ಮಾತ್ರ ಏರುವುದಿಲ್ಲ. ಬಿಚ್ಚುವ ಕೂಲಿ ಮಾರುವವರದೇ ಎಂಬುದರಲ್ಲಿ ನಾಲ್ಕನೆಯವನೊಬ್ಬನನ್ನು ಬಿಟ್ಟು ಎಲ್ಲ ಪಂಡಿತರಿಗೂ ಒಮ್ಮತವಿದೆ.