ಕುವೆಂಪುನಗರೀಯ ಪ್ರಣಯಹಾಸ್ಯ ಚಿತ್ರಕಥಾ ಮೀಮಾಂಸೆ

ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆಂದು ಭರತಮುನಿ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಅಪ್ಪಣೆ ಕೊಡಿಸಿದ್ದಾನೆ. ಯಾವ ಕ್ರಾಸಿನಲ್ಲಿ ಎಂಬುದನ್ನು ಮಾತ್ರ ಹೇಳಿಲ್ಲ. ಶಾಸ್ತ್ರದ ಈ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ, ಮೈಸೂರಿನ ಕುವೆಂಪುನಗರ. ವಿಧಾನ, ಸಂಜೆಯ ವಾಕಿಂಗ್.

ಪ್ರಣಯಹಾಸ್ಯಕ್ಕೆ ನಾಯಕ ನಾಯಕಿಯರಿಗಿಂತ ಮುಖ್ಯವಾದದ್ದು ವಿಘ್ನ. ಇಬ್ಬರೂ ಮೊದಲ ರೀಲಿನಲ್ಲೇ ಒಪ್ಪಿಕೊಂಡುಬಿಟ್ಟರೆ ನಿರ್ಮಾಪಕನ ಗತಿ ಏನು? 1990ರ ‘ಗಣೇಶನ ಮದುವೆ’ಯಲ್ಲಿ ಫಣಿ ರಾಮಚಂದ್ರ ಅವರಿಗೆ ಇದು ಒಂದು ವಠಾರದೊಳಗೇ ಸಿಕ್ಕಿತು. ಅನಂತನಾಗ್, ವಿನಯಾ ಪ್ರಸಾದ್ ಎದುರಾದರೆ ಜಗಳ, ಮುಖ ಕಾಣದಿದ್ದರೆ ಪ್ರೇಮ. ಕುವೆಂಪುನಗರದಲ್ಲಿ ಮನೆಮನೆಗೂ ಕಾಂಪೌಂಡು, ವಠಾರದ ಸೌಕರ್ಯವಿಲ್ಲ. ನಮ್ಮ ಸಂಶೋಧನೆಯ ಪ್ರಕಾರ ಇಲ್ಲಿನ ವಿಘ್ನ ರಸ್ತೆಯ ಬೋರ್ಡುಗಳಲ್ಲಿದೆ.

ಬಡಾವಣೆಗೆ ಕವಿಯ ಹೆಸರಿಟ್ಟವರು ಅಷ್ಟಕ್ಕೇ ಬಿಡದೆ, ಅವರ ದರ್ಶನವನ್ನೂ ಡಾಂಬರಿನ ಜೊತೆ ಹಾಸಿಬಿಟ್ಟಿದ್ದಾರೆ. ಅನಿಕೇತನ ರಸ್ತೆಯಲ್ಲಿ ನಾಯಕ ಬ್ಯಾಚುಲರ್ ಎಂಬ ಕಾರಣಕ್ಕೆ ಬಾಡಿಗೆ ಮನೆ ಸಿಗುವುದಿಲ್ಲ, ಬೋರ್ಡು ಸಾರ್ಥಕ. ವಿಶ್ವಮಾನವ ಜೋಡಿ ರಸ್ತೆಯಲ್ಲಿ ಜೋಡಿಯಾಗಿ ನಡೆದರೆ ರಾತ್ರಿ ಊಟದ ಹೊತ್ತಿಗೆ ವಿಶ್ವಕ್ಕೆಲ್ಲ ಗೊತ್ತು. ಆದರೆ ಶಾಸ್ತ್ರಕಾರನಿಗೆ ನಿಧಿಯಂತೆ ಒದಗಿರುವುದು ಉದಯರವಿ. ಕವಿಯ ಮನೆ ‘ಉದಯರವಿ’ ಇರುವುದು ಒಂಟಿಕೊಪ್ಪಲಿನಲ್ಲಿ. ಉದಯರವಿ ರಸ್ತೆ ಇರುವುದು ಕುವೆಂಪುನಗರದಲ್ಲಿ. ನಡುವೆ ಅರ್ಧ ಮೈಸೂರು.

‘ಕೈಯಲ್ಲಿ ಮೊಬೈಲ್ ಇದೆಯಲ್ಲ?’ ಎಂಬುದು ಪೂರ್ವಪಕ್ಷ. ಇರಲಿ.

“ಎಲ್ಲಿದ್ದೀರಾ?”

“ಉದಯರವಿ ಹತ್ರಾನೇ.”

“ನಾನೂ ಅಲ್ಲೇ ಇದೀನಿ. ಕಾಣ್ತಾ ಇಲ್ವಲ್ಲ!”

ಇಬ್ಬರೂ ಹೇಳಿದ್ದು ಸತ್ಯ. ಲೊಕೇಶನ್ ಕಳಿಸಿ ಎನ್ನುವುದು ಹುಟ್ಟಾ ಮೈಸೂರಿನವರಿಗೆ ಅವಮಾನ. ಅಷ್ಟರಲ್ಲಿ ಮಂಕಿ ಕ್ಯಾಪ್ ಧರಿಸಿದ ಹಿರಿಯರೊಬ್ಬರು ನಾಯಕನ ಮುಂದೆ ನಿಂತು, “ಏನಪ್ಪಾ, ಯಾರನ್ನೋ ಕಾಯ್ತಿರೋ ಹಾಗಿದೆ? ಅಪ್ಪ ಚೆನ್ನಾಗಿದಾರಾ?” ಎನ್ನತಕ್ಕದ್ದು. ನಾಯಕ “ಸುಮ್ನೆ ಅಂಕಲ್, ಚುರುಮುರಿ ತಿನ್ನೋಕೆ” ಎಂದು ಗಾಡಿಯತ್ತ ತಿರುಗಿ, ಗಾಬರಿಯಲ್ಲಿ ಎರಡು ಪೊಟ್ಟಣ ಹೇಳಿ ಸಿಕ್ಕಿಬೀಳತಕ್ಕದ್ದು. ಎರಡನೆಯ ಪೊಟ್ಟಣಕ್ಕೆ ಖಾರ ಎಷ್ಟು ಎಂದು ಗಾಡಿಯವನು ಕೇಳಿದಾಗ ಉತ್ತರ ತೋಚದೆ ನಿಂತ ಮುಖವೇ ಮಧ್ಯಂತರ.

ಎರಡನೆಯ ಸಲ ಇಬ್ಬರಿಗೂ ಬುದ್ಧಿ ಬಂದಿರುತ್ತದೆ. ಅವನು ಒಂಟಿಕೊಪ್ಪಲಿಗೆ ಹೋಗುತ್ತಾನೆ, ಅವಳು ಕುವೆಂಪುನಗರಕ್ಕೆ. ಕೋಪದಲ್ಲಿ ಅವಳು ಅಪ್ಪ ನೋಡಿದ ಗಂಡಿಗೆ ಹೂಂ ಅನ್ನುತ್ತಾಳೆ.

ಕ್ಲೈಮ್ಯಾಕ್ಸಿನಲ್ಲಿ ಶಾಸ್ತ್ರಕ್ಕೊಂದು ತೊಡಕಿದೆ. ಬೇರೆ ಕಡೆಯ ನಾಯಕ ಛತ್ರಕ್ಕೆ ನುಗ್ಗಿ, ಮುಹೂರ್ತ ಮೀರುವ ಮುಂಚೆ ‘ನಿಲ್ಸೀ!’ ಎಂದು ಕೂಗಬಲ್ಲ. ಆದರೆ 1966ರಲ್ಲಿ ಕುವೆಂಪು ಮಗ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ನಡೆಸಿದರು: ಪುರೋಹಿತರಿಲ್ಲ, ಮುಹೂರ್ತವಿಲ್ಲ, ವಧೂವರರು ಪ್ರತಿಜ್ಞೆ ಓದಿದರೆ ಆಯಿತು. ನಾಯಕಿಯ ತಂದೆ ನಿವೃತ್ತ ಕನ್ನಡ ಮೇಷ್ಟರು. ಬೇರೆ ಪದ್ಧತಿ ಒಪ್ಪುವವರಲ್ಲ. ಮುಹೂರ್ತವೇ ಇಲ್ಲದ ಮದುವೆಗೆ ಕೊನೆಯ ಗಳಿಗೆಯನ್ನು ಎಲ್ಲಿಂದ ತರುವುದು?

ಸಿದ್ಧಾಂತ ಹೀಗಿದೆ. ಪ್ರತಿಜ್ಞೆ ಬೋಧಿಸಲು ಬಂದ ಹಿರಿಯರು ‘ಎರಡೇ ಮಾತು’ ಎಂದು ಮೈಕ್ ಹಿಡಿಯುತ್ತಾರೆ. ‘ಶ್ರೀರಾಮಾಯಣ ದರ್ಶನಂ’ನ ಅಯೋಧ್ಯಾ ಸಂಪುಟದಿಂದ ಆರಂಭ. ಅವರು ಕಿಷ್ಕಿಂಧಾ ದಾಟಿ ಲಂಕೆಗೆ ಕಾಲಿಡುವಷ್ಟರಲ್ಲಿ ವರನಿಗೆ ಜೋಂಪು ಹತ್ತಿರುತ್ತದೆ. ಚಿತ್ರಕಥೆಗಾರ ಆಟೋ, ಬೈಕು ಎಂದು ದುಡ್ಡು ಪೋಲು ಮಾಡಬಾರದು. ನಾಯಕ ಒಂಟಿಕೊಪ್ಪಲಿನಿಂದ ನಡೆದೇ ಬರಲಿ.