ಅಣ್ಣನ ಮಗನ ಬಯೋಡೇಟಾ

ಭಂಕೂರಿನಲ್ಲಿ ನಾಲ್ಕಕ್ಷರ ಕಲಿತವನಿಗೆ ನೆಮ್ಮದಿ ಇಲ್ಲ. ಐಟಿಐ ಫಿಟ್ಟರ್ ಮುಗಿಸಿದ ಅಣ್ಣನ ಮಗ ಬಂದು, ‘ಕಾಕಾ, ಅಪ್ರೆಂಟಿಸ್‌ಗೆ ಅರ್ಜಿ ಹಾಕ್ಬೇಕು, ಬಯೋಡೇಟಾ ಬರದು ಕೊಡ್ರಿ’ ಅಂದ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿಗೇನು ಬರವೇ? ಒಂದಾದರೂ ಹುಡುಗನನ್ನು ಒಳಗೆ ಕರೆದೀತೆಂದು ಪೆನ್ನು ಹಿಡಿದೆ.

ಹೆಸರು, ಊರು ಸಲೀಸಾಗಿ ಬಂದವು. ‘ಅನುಭವ’ ಎಂಬಲ್ಲಿ ಪೆನ್ನು ನಿಂತಿತು. ಕೆಲಸ ಕಲಿಯಲು ಹೊರಟವನನ್ನು ಅನುಭವ ಕೇಳುವುದು, ನಿಶ್ಚಿತಾರ್ಥದ ದಿನವೇ ಮಕ್ಕಳೆಷ್ಟು ಅಂದ ಹಾಗೆ. ಬೇಸಿಗೆ ರಜೆಯಲ್ಲಿ ಅವನು ಶಹಾಬಾದ್ ಪರ್ಸಿ ಕಲ್ಲು ಲಾರಿಗೆ ಹೇರಿದ್ದನ್ನು ‘ಭಾರೀ ಸಾಮಗ್ರಿಗಳ ನಿರ್ವಹಣೆ’ ಎಂದು ಬರೆದೆ. ಅಜ್ಜಿಯ ಹೊಲಿಗೆ ಮಷೀನು ಬಿಚ್ಚಿದ್ದು ‘ಯಂತ್ರ ದುರಸ್ತಿ’ ಆಯಿತು. ಮರುಜೋಡಿಸಿದಾಗ ಸ್ಕ್ರೂ ಉಳಿದಿದ್ದವು. ಅದಕ್ಕೆ ‘ಉಳಿತಾಯ ಮನೋಭಾವ’ ಎಂದು ಸೇರಿಸಿದೆ. ಮಷೀನು ಆಮೇಲೆ ಹೊಲಿಯಲಿಲ್ಲ, ಆ ವಿಷಯ ಯಾರೂ ಕೇಳಿರಲಿಲ್ಲ. ಹವ್ಯಾಸವೇನೋ ಅಂದರೆ ‘ಮಲಗೋದು’ ಅಂದ. ‘ಧ್ಯಾನ’ ಎಂದು ತುಂಬಿದೆ.

ನನ್ನ ಕೃತಿಯನ್ನು ಗಟ್ಟಿಯಾಗಿ ಓದಿದೆ. ರೊಟ್ಟಿ ಬಡಿಯುತ್ತಿದ್ದ ಅತ್ತಿಗೆ ಕೈ ತಡೆದು, ‘ಇಷ್ಟ್ ಛಲೋ ಹುಡುಗ ನಮ್ಮನ್ಯಾಗ ಯಾವಾಗ ಹುಟ್ಟಿದ?’ ಅಂದರು.

ಹುಡುಗ ಮಾತ್ರ ಮೊಬೈಲಿನಲ್ಲಿ ರೈಲ್ವೆ ಅಪ್ರೆಂಟಿಸ್ ಅರ್ಜಿ ತುಂಬುತ್ತ ಕೂತಿದ್ದ. ಅಲ್ಲಿ ನೋಡುವುದು ಎಸ್ಸೆಸ್ಸೆಲ್ಸಿ, ಐಟಿಐ ಅಂಕಗಳನ್ನು. ಧ್ಯಾನಕ್ಕೆ ಜಾಗವೇ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ತರಬೇತಿ ಕಾಲದಲ್ಲಿ ಸ್ಟೈಪೆಂಡ್ ಕೊಡಲೇಬೇಕು. ಬಯೋಡೇಟಾ ಬರೆದುಕೊಟ್ಟ ಕಾಕಾನಿಗೆ ಅದರಲ್ಲಿ ಏನೂ ಇಲ್ಲ.